ಮಾವನ ಎಡೆಗೆ ಸೊಪ್ಪಿನ ರಸ

ಮಾವನ ಮೊದಲ ವರ್ಷದ ತಿಥಿಯ ಬೆಳಿಗ್ಗೆ ಅತ್ತೆ ಕೇಳಿದ್ದು ಒಂದೇ ಒಂದು. ಎಡೆಯಲ್ಲಿ ಒಂದು ಲೋಟ ಮಿನಾರಿ ಸೊಪ್ಪಿನ ರಸ ಇರಬೇಕು. ಮಿರಾನ್ ಆಗ ಸಿಂಕಿನ ಮುಂದೆ ನಿಂತು, ರಾತ್ರಿಯೇ ನೆನೆಹಾಕಿದ್ದ ಒಣ ಕಾಡುಸೊಪ್ಪಿನ ನೀರು ಬದಲಿಸುತ್ತಿದ್ದಳು. ಅತ್ತೆ ಅಡುಗೆಮನೆಯ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು, ನೋವಿನ ಕಾಲು ಚಾಚಿ, ಮೊಳಕೆ ಕಾಳಿನ ಬಾಲಗಳನ್ನು ಚಿವುಟುತ್ತಿದ್ದರು. ತಲೆ ಎತ್ತದೆಯೇ ಹೇಳಿದರು.

“ಪ್ಯಾಕೆಟಿಂದು ತರಬೇಡ. ಗಾಡಿ ತಳ್ಕೊಂಡು ಬರ್ತಾಳಲ್ಲ, ಆ ಹೆಂಗಸಿನ ಹತ್ರ ತಗೊಂಡಿದ್ದು ಅವರಿಗೆ ಸೇರ್ತಾನೇ ಇರ್ಲಿಲ್ಲ. ಮನೇಲೇ ಹಿಂಡು.”

“ತಿಥಿಗೆ ಸೊಪ್ಪಿನ ರಸ ಇಡ್ತಾರಾ ಅತ್ತೆ?”

“ಇಡಲ್ಲ. ನಾವು ಇಡೋಣ. ಕೊನೆಕೊನೆಗೆ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಸಿಗಲಿಲ್ಲ. ಇವತ್ತಾದ್ರೂ ಕುಡೀಲಿ.” ಅತ್ತೆ ಒಂದು ಮೊಳಕೆಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಎಸೆದರು. “ಆ ರಸದ ಮೆಷೀನು ಸರಿಯಾಗಿದೆ ತಾನೆ?”

“ಸರಿಯಾಗಿದೆ,” ಎಂದಳು ಮಿರಾನ್. ಹೇಳುವ ಮುಂಚೆ ನಲ್ಲಿಯನ್ನು ಜೋರಾಗಿ ತಿರುಗಿಸಿದ್ದಳು.

ಸಂತೆಗೆ ಇಳಿಯುವ ರಸ್ತೆಯಲ್ಲಿ ಮಾಸಾನ್ ಪಟ್ಟಣದ ಕೊಲ್ಲಿ ಕಟ್ಟಡಗಳ ನಡುವೆ ತುಂಡುತುಂಡಾಗಿ ಕಾಣುತ್ತಿತ್ತು. ಚಳಿಗೆ ಮೀನಿನ ಅಂಗಡಿಯವರು ಡಬ್ಬದಲ್ಲಿ ಕೆಂಡ ಹಾಕಿಕೊಂಡು ಕೂತಿದ್ದರು. ಅವಳು ಮಿನಾರಿಯ ಕಟ್ಟನ್ನು ಕೈಗೆತ್ತಿಕೊಂಡಾಗ ದಂಟಿನಿಂದ ನೀರು ಸೋರಿ ತೋಳಿನೊಳಗೆ ಇಳಿಯಿತು. ಉದ್ದನೆಯ, ಟೊಳ್ಳು ದಂಟು. ಮುರಿದರೆ ದಾರದಂಥ ನಾರು ಎಳೆಎಳೆಯಾಗಿ ಜಗ್ಗುತ್ತದೆ. ಈ ನಾರನ್ನು ನೋಡಿದಾಗಲೆಲ್ಲ ಅವಳಿಗೆ ಮೆಷೀನು ಕೊಂಡ ಅಂಗಡಿಯ ಆ ಹುಡುಗಿ ನೆನಪಾಗುತ್ತಾಳೆ. ಬಿಳಿ ಕೈಗವಸು ತೊಟ್ಟು, ಎರಡು ಜ್ಯೂಸರುಗಳ ನಡುವೆ ನಿಂತು, ಒಂದಿಷ್ಟೂ ಬೇಸರವಿಲ್ಲದೆ ವಿವರಿಸಿದ್ದಳು. ಎರಡೂ ನಿಧಾನದ ಯಂತ್ರಗಳೇ, ಕತ್ತರಿಸುವ ಬ್ಲೇಡಿಲ್ಲ, ಒಳಗಿನ ದಪ್ಪ ತಿರುಪು ಮೆಲ್ಲಗೆ ತಿರುಗುತ್ತಾ ಅಗಿದು ಹಿಂಡುತ್ತದೆ, ರಸ ಒಂದು ಬಾಯಿಂದ, ಚರಟ ಇನ್ನೊಂದು ಬಾಯಿಂದ. ಅಡ್ಡ ಮಲಗಿರುವುದು ಸೊಪ್ಪಿಗೆ ಒಳ್ಳೆಯದು. ದಂಟಿನ ಕೊನೆಯ ಹನಿಯನ್ನೂ ಬಿಡುವುದಿಲ್ಲ, ಆದರೆ ಅದರ ಬಾಯಿ ಚಿಕ್ಕದು, ಸಣ್ಣಗೆ ಹೆಚ್ಚಬೇಕು, ಕೋಲಿನಿಂದ ನೂಕುತ್ತಾ ನಿಲ್ಲಬೇಕು, ತೊಳೆಯುವುದಕ್ಕೆ ಬಿಡಿಭಾಗ ಹೆಚ್ಚು. ನೆಟ್ಟಗೆ ನಿಂತಿರುವುದು ಹಣ್ಣಿಗೆ ಸಲೀಸು; ಬಾಯಿ ಅಗಲ, ಹಾಕಿದ್ದು ತಾನಾಗಿ ಇಳಿಯುತ್ತದೆ, ನೀರು ಸುರಿದು ತಿರುಗಿಸಿದರೆ ಅರ್ಧ ತೊಳೆದಂತೆಯೇ, ಆದರೆ ಉದ್ದ ನಾರಿನ ಸೊಪ್ಪು ಹಾಕಿದರೆ ತಿರುಪಿಗೆ ಸುತ್ತಿಕೊಂಡು ನಿಂತುಬಿಡುತ್ತದೆ. “ಮನೇಲಿ ಏನು ಜಾಸ್ತಿ ಹಾಕ್ತೀರಾ ಮೇಡಂ?” ಎಂದು ಕೇಳಿದಳು. ಗಂಡ ಗ್ಯುತೇ ಆಚೆ ಮೂಲೆಯಲ್ಲಿ ಬೆನ್ನು ತಿಕ್ಕುವ ಮಸಾಜ್ ಕುರ್ಚಿಯೊಂದರಲ್ಲಿ ಕೂತು ಕಣ್ಣು ಮುಚ್ಚಿದ್ದ. ಮಿರಾನಳ ಕಣ್ಣ ಮುಂದೆ ಬಂದದ್ದು, ಸೊಪ್ಪಿನ ರಸ ಒಳ್ಳೆಯದೆಂದು ಎಲ್ಲರೂ ನಂಬಿದ್ದ ಮಾವನ ಕೆಟ್ಟ ಲಿವರಲ್ಲ, ದಂತವೈದ್ಯರ ಕ್ಲಿನಿಕ್ಕಿನ ಸ್ವಾಗತದ ಮೇಜಿಗೆ ಓಡುವ ಮುಂಚಿನ ತನ್ನ ಬೆಳಗುಗಳು, ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಹಸಿರು ನಾರು ಕಚ್ಚಿಕೊಂಡ ಜರಡಿ. “ಕ್ಯಾರೆಟ್, ಸೇಬು. ಸೊಪ್ಪು ಅಪರೂಪ,” ಎಂದಳು. ಹುಡುಗಿ ನಂಬಿ, ನಿಂತಿರುವುದನ್ನು ಪ್ಯಾಕ್ ಮಾಡಿಸಿದಳು. ಮನೆಯಲ್ಲಿ ಅತ್ತೆ, ಸೊಪ್ಪಿಗೆ ಆಗತ್ತಾ ಕೇಳಿದೆಯಾ ಎಂದಾಗ, ಅಂಗಡಿಯವಳೇ ಇದನ್ನ ಆರಿಸಿ ಕೊಟ್ಟಳು ಎಂದಿದ್ದಳು. ಅದು ಅಕ್ಷರಶಃ ಸುಳ್ಳಲ್ಲ. ಅಕ್ಷರಶಃ ಸುಳ್ಳಲ್ಲದ ಮಾತುಗಳನ್ನು ಆಡುವುದು ತನಗೆ ಸುಲಭವಾಗಿ ಬರುತ್ತದೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಅಂದೇ ಇರಬೇಕು.

“ಎರಡು ಕಟ್ಟು ಒಯ್ಯಮ್ಮ, ಬೆಂದರೆ ಒಂದು ಹಿಡಿ ಆಗತ್ತೆ,” ಎಂದಳು ಸೊಪ್ಪಿನವಳು.

“ಬೇಯಿಸೋಕಲ್ಲ. ರಸಕ್ಕೆ.”

“ಯಾರಿಗೆ ಹುಷಾರಿಲ್ಲ?”

“ಯಾರಿಗೂ ಇಲ್ಲ,” ಎಂದು ಮಿರಾನ್ ಎರಡು ಕಟ್ಟು ಕೊಂಡಳು. ಯಾರಿಗೂ ಇಲ್ಲ. ಮನೆಗೆ ತಂದ ಮೊದಲ ದಿನ ಆ ಯಂತ್ರ ಮಿನಾರಿಯ ಮೊದಲ ಹಿಡಿಗೇ ನರಳಿ ನಿಂತಿತ್ತು. ಹಿಂದಕ್ಕೆ ತಿರುಗುವ ಗುಂಡಿ ಒತ್ತಿ, ಬಿಚ್ಚಿ, ತಿರುಪಿಗೆ ಜಡೆಯಂತೆ ಸುತ್ತಿಕೊಂಡಿದ್ದ ನಾರನ್ನು ಬಿಡಿಸಿದಳು. ಆಮೇಲೆ ಕಲಿತಳು: ದಂಟನ್ನು ಅರ್ಧ ಬೆರಳಿನಷ್ಟು ಉದ್ದಕ್ಕೆ ಹೆಚ್ಚಬೇಕು, ಒಟ್ಟಿಗೆ ತುರುಕಬಾರದು, ನಡುನಡುವೆ ಒಂದು ಹೋಳು ಪೇರ್ ಹಣ್ಣು ಹಾಕಿದರೆ ಅದು ನಾರನ್ನು ಎಳೆದುಕೊಂಡು ಹೋಗುತ್ತದೆ, ಅವಸರ ಮಾಡಿದರೆ ಅದು ಹಟ ಮಾಡುತ್ತದೆ. ಮಾವ ಬೆಳಗ್ಗೆ ಮುಖ ತೊಳೆದು, ಕೂದಲು ಒದ್ದೆ ಮಾಡಿ ಬಾಚಿಕೊಂಡು, ಮೇಜಿನ ಮುಂದೆ ಕೂತು ಕಾಯುತ್ತಿದ್ದರು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಹಿಂದೆ ಕೆಲಸ ಮಾಡಿದವರು. ಕಾಯುವ ಜನರನ್ನು ನೋಡಿ ಅಭ್ಯಾಸ, ಕಾಯುವುದು ಅಷ್ಟಾಗಿ ಅಭ್ಯಾಸವಿರಲಿಲ್ಲ. ಮನೆಯಲ್ಲಿದ್ದ ಹಳೆಯ ಮಿಕ್ಸಿಯ ಕಿರುಚಾಟಕ್ಕೆ ಅವರು ಎದ್ದು ಬಚ್ಚಲಿಗೆ ಹೋಗಿಬಿಡುತ್ತಿದ್ದರು. ಇದರ ಸದ್ದು ಹಾಗಲ್ಲ. ಅಗಿಯುವ ಸದ್ದು, ಆಗಾಗ ಒಂದು ಕಿರ್ರೆನ್ನುವ ತೇಗು. “ನೋಡಮ್ಮ, ನನಗಿಂತ ಚೆನ್ನಾಗಿ ಅಗಿಯುತ್ತೆ,” ಎನ್ನುತ್ತಿದ್ದರು, “ನನ್ನ ಹಲ್ಲಿನ ಸೆಟ್ಟು ಇನ್ನು ಇದಕ್ಕೇ ಕೊಟ್ಟುಬಿಡು.” ಲೋಟ ಖಾಲಿ ಮಾಡಿ ಮೇಲ್ದುಟಿಯ ಹಸಿರು ಅಂಚನ್ನು ಒರೆಸಿಕೊಳ್ಳುವುದನ್ನು ಮರೆಯುತ್ತಿದ್ದರು, ಅವಳು ತೋರಿಸುತ್ತಲೂ ಇರಲಿಲ್ಲ, ಹಾಗೇ ಪಾರ್ಕಿಗೆ ಹೋಗಿ ಗೆಳೆಯರಿಂದ ನಗಿಸಿಕೊಂಡು ಬರುತ್ತಿದ್ದರು.

ನಿಲ್ಲಿಸಿ ಎಂದದ್ದು ಡಾಕ್ಟರು. ಲಿವರ್ ಪೂರ್ತಿ ಗಟ್ಟಿಯಾಗಿದೆ, ಸೊಪ್ಪಿನ ರಸ, ಬೇರಿನ ಕಷಾಯ, ಯಾವ ಸಾರ ಹಿಂಡಿದ್ದೂ ಬೇಡ, ಅನ್ನ, ಮೊಟ್ಟೆ, ಬರೆದುಕೊಟ್ಟ ಮಾತ್ರೆ, ಅಷ್ಟೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಗ್ಯುತೇ, ಅವನ ತಂಗಿ ಇನ್‌ಸುಕ್, ಅತ್ತೆ, ಎಲ್ಲರೂ ಒಪ್ಪಿದರು. ಮಾವನಿಗೆ ಹೇಳುವುದು ಯಾರು ಎಂಬ ಪ್ರಶ್ನೆ ಎದ್ದೇ ಇಲ್ಲ. ಯಂತ್ರ ಯಾರ ಅಡುಗೆಮನೆಯಲ್ಲಿದೆಯೋ ಅವಳು. ರಸದಿಂದಲೇ ತಾನು ನಡೆದಾಡುತ್ತಿದ್ದೇನೆ ಎಂದು ನಂಬಿದ್ದ ಮನುಷ್ಯನಿಗೆ ಅದು ನಿಮಗೆ ವಿಷ ಎಂದು ಹೇಗೆ ಹೇಳುವುದು. ಅವಳು ಯಂತ್ರವನ್ನು ಮೇಲಿನ ಕಪಾಟಿಗೆ ಸೇರಿಸಿದಳು. ಮಾವ ಮೇಜಿನ ಮುಂದೆ ಕೂತು ಕಾದರು. ಮರುದಿನವೂ ಕಾದರು. ಕೊನೆಗೆ, “ಇವತ್ತು ರಸ ಇಲ್ವೇನಮ್ಮ?” ಎಂದರು. “ಮೆಷೀನ್ ಕೆಟ್ಟಿದೆ ಮಾವ,” ಎಂದಳು. ಆ ಸಂಜೆ ಕೆಲಸದಿಂದ ಬಂದಾಗ ಅವರು ಅಡುಗೆಮನೆಯಲ್ಲಿದ್ದರು. ಸ್ಟೂಲು ಹತ್ತಿ ಯಂತ್ರವನ್ನು ಇಳಿಸಿದ್ದರು. ಆ ಹೊಟ್ಟೆ, ಆ ಊದಿದ ಕಾಲು ಇಟ್ಟುಕೊಂಡು ಹೇಗೆ ಹತ್ತಿದರೋ. ಅವಳು ಬಾಗಿಲಲ್ಲಿ ನಿಂತಿರುವುದನ್ನು ನೋಡಿಯೇ ಪ್ಲಗ್ ಹಾಕಿ ಸ್ವಿಚ್ ಒತ್ತಿದರು. ತಿರುಪು ತಿರುಗಿತು. ಖಾಲಿ ಪಾತ್ರೆಯೊಳಗೆ ಅದು ನಿಧಾನವಾಗಿ, ಯಾವ ಅಡ್ಡಿಯೂ ಇಲ್ಲದೆ, ತಿರುಗುತ್ತಲೇ ಇತ್ತು. ಮಾವ ಸ್ವಲ್ಪ ಹೊತ್ತು ಅದನ್ನು ನೋಡಿದರು. ಆರಿಸಿದರು. ವೈರನ್ನು ಅಚ್ಚುಕಟ್ಟಾಗಿ ಸುತ್ತಿದರು. “ಹೌದು,” ಎಂದರು, “ಕೆಟ್ಟಿದೆ.” ಮತ್ತೆ ರಸದ ಮಾತೆತ್ತಲಿಲ್ಲ, ಆಸ್ಪತ್ರೆಯ ಮಂಚದ ಮೇಲೆ, ಎಚ್ಚರ ತಪ್ಪಿ ತಪ್ಪಿ ಬರುತ್ತಿದ್ದಾಗಿನ ಆ ಒಂದು ಸಲ ಬಿಟ್ಟರೆ. ಆಗಲೂ ಪಕ್ಕದಲ್ಲಿದ್ದವಳು ಅವಳೇ. ಒಂದು ಲೋಟ ಕೊಡಮ್ಮ ಎಂದರು. ಹತ್ತಿ ಒದ್ದೆ ಮಾಡಿ ತುಟಿಗೆ ನೀರು ಹಚ್ಚಿದಳು.

ತಿಥಿಯ ಮಧ್ಯಾಹ್ನ ಯಂತ್ರ ಇಳಿಸಿದಾಗ ಅವಳು ಹುಡುಕಿದ್ದು ಕೊಳೆಯನ್ನಲ್ಲ, ನೆಪವನ್ನು. ಬಿಡಿಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು: ಪಾತ್ರೆ, ತಿರುಪು, ಜರಡಿ, ಪಾತ್ರೆಯ ತಳ ಸೋರದಂತೆ ಹಾಕುವ ರಬ್ಬರ್ ಬಳೆ ಗ್ಯಾಸ್ಕೆಟ್, ಚರಟದ ಬಾಯಿಗೆ ಕೆಳಗಿನಿಂದ ಹಾಕುವ ರಬ್ಬರ್ ಬಿರಡೆ. ಗ್ಯಾಸ್ಕೆಟ್ಟೂ ಬಿರಡೆಯೂ ಹೊಸದಾಗಿದ್ದಾಗ ಹಾಲಿನಂತೆ ಬೆಳ್ಳಗಿದ್ದವು. ಈಗ ತೆಳುವಾದ ಕೇಸರಿ ಬಣ್ಣ. ಕ್ಯಾರೆಟ್ಟಿನ ಕಲೆ ಎಂದುಕೊಂಡಳು. ಕ್ಯಾರೆಟ್ಟಿನದು ಅಲ್ಲವೆಂದು ಗೊತ್ತಿತ್ತು. ಹಿಂದಿನ ವಾರವಷ್ಟೇ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕಿದ್ದರು. ಉಪ್ಪಿನಲ್ಲಿ ಬಾಡಿಸಿದ ಎಲೆಕೋಸಿನ ರಾಶಿಯ ನಡುವೆ ಅತ್ತೆ ಹಾಲ್‌ನಲ್ಲಿ ಕೂತಿದ್ದರು, ಮಿಕ್ಸಿಯಲ್ಲಿ ಹಸಿ ಕೆಂಪು ಮೆಣಸಿನಕಾಯಿ ಅರೆದು ತಾ ಎಂದಿದ್ದರು, ಮಿಕ್ಸಿ ಅರ್ಧಕ್ಕೇ ಸುಟ್ಟ ವಾಸನೆ ಕಾರಿ ನಿಂತಿತು. ಟಿವಿಯಲ್ಲಿ ಈ ನಿಧಾನದ ಯಂತ್ರ ಮಾರುವವರು ಪ್ರತಿ ನವೆಂಬರಿನಲ್ಲಿ ಅದನ್ನೇ ತೋರಿಸುತ್ತಾರೆ, ಬಿಸಿಯಾಗದೆ, ಬೀಜವೂ ಸಿಗದೆ, ರೇಷ್ಮೆಯಂಥ ಮೆಣಸಿನ ರುಬ್ಬು. ಮಿರಾನ್ ಕಪಾಟಿನಿಂದ ಇದನ್ನು ಇಳಿಸಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ ಎಲ್ಲವನ್ನೂ ಹಾಕಿದಳು. ಅದು ಎಲ್ಲವನ್ನೂ ಸಮಾಧಾನದಿಂದ ಅಗಿಯಿತು. “ಈ ಸಲ ಎಷ್ಟು ನುಣ್ಣಗಿದೆ!” ಎಂದು ಅತ್ತೆ ಹೊಗಳಿದರು. ಯಾವುದರಲ್ಲಿ ಅರೆದೆ ಎಂದು ಕೇಳಲಿಲ್ಲ, ಅವಳು ಹೇಳಲಿಲ್ಲ. ಆಮೇಲೆ ಸೋಡಾಪುಡಿ ಹಾಕಿ ತಿಕ್ಕಿ, ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ಬಾಲ್ಕನಿಯ ಬಿಸಿಲಿನಲ್ಲಿ ಒಣಗಿಸಿದ್ದಳು. ಈಗ ಗ್ಯಾಸ್ಕೆಟ್ ಮೂಗಿಗೆ ಹಿಡಿದಳು. ಚಳಿಗೆ ರಬ್ಬರ್ ತಣ್ಣಗಿತ್ತು, ಏನೂ ಬರಲಿಲ್ಲ. ಎರಡನೇ ಸಲ ಮೂಸಲಿಲ್ಲ. ಸತ್ತವರ ಎಡೆಗೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಸೋಕಬಾರದು. ಸೋಕಿದರೆ ಉಣ್ಣಲು ಬಂದ ಹಿರಿಯರು ಊಟ ಮುಟ್ಟದೆ ಹಾಗೇ ತಿರುಗಿ ಹೋಗುತ್ತಾರೆ. ಸೊಪ್ಪುಗಳಿಗೂ ಅವಳು ಬೆಳಗಿನಿಂದ ಬರೀ ಉಪ್ಪು, ಎಳ್ಳೆಣ್ಣೆ ಹಾಕಿದ್ದಳು. ಅವರಿಗಿಂತ ಮುಂಚೆ ಯಾರೂ ರುಚಿ ನೋಡಬಾರದು ಎಂಬುದೂ ಇದೆ. ಹಾಗಾಗಿ ರಸ ಇಳಿಯುತ್ತಿದ್ದಾಗ ಬೆರಳು ಅದ್ದಿ ನೋಡುವ ಹಾಗಿರಲಿಲ್ಲ. ಅದು ಅನುಕೂಲವೇ ಆಯಿತು.

ಇನ್‌ಸುಕ್ ಬಂದವಳೇ ಕೋಟು ಬಿಚ್ಚದೆ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಾ ಬಂದಳು. “ಅತ್ತಿಗೆ, ಮೀನು ಯಾಕೆ ಇಷ್ಟು ದಪ್ಪ ಹೆಚ್ಚಿದ್ದೀರಾ? ಅಪ್ಪ ಹಲ್ಲಿನ ಸೆಟ್ಟು ಇಲ್ಲೇ ಬಿಟ್ಟು ಹೋಗಿದ್ದಾರೆ, ಗೊತ್ತಲ್ಲ?”

“ಡ್ರಾಯರಿನಲ್ಲಿದೆ. ಬೇಕಾದ್ರೆ ಪಕ್ಕದಲ್ಲಿಡೋಣ,” ಎಂದಳು ಮಿರಾನ್.

“ಅಯ್ಯೋ, ಮಾತು ನೋಡು!” ಇನ್‌ಸುಕ್ ನಕ್ಕಳು. ಹಸಿರು ಲೋಟ ನೋಡಿ ನಗು ನಿಲ್ಲಿಸಿದಳು. “ಅಮ್ಮ ಹೇಳಿದ್ರು. ಒಳ್ಳೇದಾಯ್ತು. ನಾನು ಆಗಲೇ ಹೇಳಿದ್ದೆ, ಮಲಗಿರೋ ಮೆಷೀನ್ ತಗೊಳ್ಳಿ, ಸೊಪ್ಪಿಗೆ ಅದೇ ಸರಿ ಅಂತ. ನೀವೆಲ್ಲಿ ಕೇಳ್ತೀರಾ.”

ಮಾವ ಮಲಗುತ್ತಿದ್ದ ಕೋಣೆಯಲ್ಲೇ ಗ್ಯುತೇ ಮಡಿಚುವ ಪರದೆ ನಿಲ್ಲಿಸಿ, ಕಾಗದದ ಮೇಲೆ ಅಪ್ಪನ ಹೆಸರು ಬರೆದು ಅಂಟಿಸಿದ. ತುದಿ ಕತ್ತರಿಸಿದ ಪೇರ್ ಹಣ್ಣು, ಸೇಬು, ಖರ್ಜೂರದಂಥ ಒಣಹಣ್ಣು, ಮೀನು, ಮೂರು ಬಣ್ಣದ ಪಲ್ಯ, ಅನ್ನ, ಸಾರು. ಸಾರಿನ ಪಕ್ಕದಲ್ಲಿ ಅತ್ತೆ ತಮ್ಮ ಕೈಯಾರೆ ಲೋಟವನ್ನು ಇಟ್ಟರು. ಆಚೀಚೆ ಸರಿಸಿ, ಮಾವನ ಬಲಗೈಗೆ ಎಟಕುವ ಹಾಗೆ. ಬರುವವರಿಗೆಂದು ಮನೆಯ ಮುಂಬಾಗಿಲನ್ನು ಚಪ್ಪಲಿ ಸಿಕ್ಕಿಸಿ ತೆರೆದಿಟ್ಟಿದ್ದರು. ಬಾಗಿಲು ಹಾಕಿಲ್ಲವೆಂದು ಅದರ ಎಲೆಕ್ಟ್ರಾನಿಕ್ ಬೀಗ ಕೀಚುಗುಟ್ಟತೊಡಗಿತು, ಗ್ಯುತೇ ಬೈದುಕೊಳ್ಳುತ್ತಾ ಹೋಗಿ ಅದರ ಬ್ಯಾಟರಿ ಕಿತ್ತ. ಅಷ್ಟರಲ್ಲಿ ಮಿರಾನ್ ಯಂತ್ರ ತೊಳೆಯಲು ನಿಂತಿದ್ದಳು. ಈ ಯಂತ್ರವನ್ನು ಕೂಡಲೇ ತೊಳೆಯದಿದ್ದರೆ ಜರಡಿಯ ಕಣ್ಣುಗಳಲ್ಲಿ ನಾರು ಒಣಗಿ ಕಲ್ಲಾಗುತ್ತದೆ, ಹಾಗಾಗಿ ಅದು ಕೈಗೆ ಬಂದ ಅಭ್ಯಾಸ, ತಿಥಿಯೆಂದು ತಪ್ಪುವಂಥದ್ದಲ್ಲ. ಚಳಿಗೆ ನಲ್ಲಿಯನ್ನು ಬಿಸಿಯ ಕಡೆಗೆ ತಿರುಗಿಸಿದಳು. ಬಿಸಿನೀರು ಬಿದ್ದು ಗ್ಯಾಸ್ಕೆಟ್ ಮೆತ್ತಗಾಯಿತು, ಬೆರಳಿನಿಂದ ಒಂದು ಸಲ ಒತ್ತಿದಳು, ವಾಸನೆ ಎದ್ದಿತು. ಬೆಳ್ಳುಳ್ಳಿ ಮೊದಲು, ಅದರ ಹಿಂದೆ ಮೆಣಸು. ಅನುಮಾನಕ್ಕೆ ಜಾಗವೇ ಇಲ್ಲದಷ್ಟು ಸ್ಪಷ್ಟ. ಬಿರಡೆಯನ್ನು ಹಿಚುಕಿದಳು. ಅದರಲ್ಲೂ.

“ಮಿರಾನ್, ಬಾ, ಶುರು ಮಾಡೋಣ,” ಎಂದು ಅತ್ತೆ ಕರೆದರು.

ಆಗ ಹೇಳಬಹುದಿತ್ತು. ಕೈ ಒರೆಸಿಕೊಂಡು ಹೋಗಿ ನಿಂತಳು. ಗ್ಯುತೇ ಧೂಪ ಹಚ್ಚಿ ಮೊದಲ ಬಟ್ಟಲು ಅಕ್ಕಿ ಮದ್ಯ ಎರೆದ, ಎರಡು ಸಲ ನೆಲಕ್ಕೆ ಬಿದ್ದು ನಮಸ್ಕರಿಸಿದ. ಎರಡನೆಯ ಬಟ್ಟಲು ಹಿರಿಯ ಸೊಸೆಯದು. ಎರೆಯುವಾಗ ಲೋಟ ಅವಳ ಮೊಣಕೈಯ ಹತ್ತಿರವೇ ಇತ್ತು. ತಗುಲಿ ಬಿದ್ದಂತೆ ಮಾಡಬಹುದು. ಎಡೆಯ ಬಿಳಿ ಕಾಗದದ ಮೇಲೆಲ್ಲ ಹಸಿರು ಹರಡುತ್ತದೆ, ಇನ್‌ಸುಕ್ ಏನಾದರೂ ಅನ್ನುತ್ತಾಳೆ, ಅತ್ತೆ ಸುಮ್ಮನಾಗುತ್ತಾರೆ, ಮುಗಿಯಿತು. ಮೊಣಕೈ ಅಲ್ಲಾಡಲಿಲ್ಲ. ಒಂದರ ಮೇಲೊಂದು ಕೈ ಇಟ್ಟು, ಹಣೆಯನ್ನು ಅದರ ಮೇಲೆ ಊರಿ ನಮಸ್ಕರಿಸಿದಾಗ ತನ್ನ ಬೆರಳುಗಳಿಂದಲೇ ಬೆಳ್ಳುಳ್ಳಿ ಮೂಗಿಗೆ ಬಡಿಯಿತು. ಬಗ್ಗಿದಲ್ಲೇ ಅವಳು ಸ್ವಲ್ಪ ಹೆಚ್ಚು ಹೊತ್ತು ಉಳಿದಳು. ತಾನು ಇದನ್ನೆಲ್ಲ ನಂಬುವವಳೇ? ಸತ್ತವರು ಲಿಫ್ಟಿನಲ್ಲಿ ಬಂದು ಮೀನು ತಿಂದು ಹೋಗುತ್ತಾರೆ ಎಂದು ಅವಳು ಯಾವತ್ತೂ ಎಣಿಸಿದವಳಲ್ಲ. ಹಾಗಾದರೆ ಈ ಎದೆಬಡಿತ ಯಾತಕ್ಕೆ? ಪೂಜೆ ಮುಗಿದ ಮೇಲೆ ಎಡೆಯದನ್ನು ಎಲ್ಲರೂ ಹಂಚಿಕೊಳ್ಳಬೇಕು, ಲೋಟ ಕೈಯಿಂದ ಕೈಗೆ ಬರುತ್ತದೆ, ಇನ್‌ಸುಕ್ ಒಂದು ಗುಟುಕಿಗೆ ಕಂಡುಹಿಡಿಯುತ್ತಾಳೆ. ಅಂದರೆ ಹೆದರಿಕೆ ಮಾವ ಕುಡಿಯುವುದಿಲ್ಲ ಎಂದೇ, ಇಲ್ಲ ಸಿಕ್ಕಿಬೀಳುತ್ತೇನೆ ಎಂದೇ? ಎರಡನ್ನೂ ಬೇರೆಬೇರೆ ಮಾಡಿ ನೋಡಲು ಯತ್ನಿಸಿದಳು. ಆಗಲಿಲ್ಲ. ಒಂದು ಮಾತ್ರ ಬೇರೆಯಾಗಿ ನಿಂತಿತು: ಎರಡು ಸಲ ಕೇಳಿದವರಿಗೆ ಎರಡು ಸಲ ಇಲ್ಲ ಎಂದಾಗಿದೆ. ಇದು ಮೂರನೆಯದು.

ಗ್ಯುತೇ ಅನ್ನದ ಬಟ್ಟಲಿನಲ್ಲಿ ಚಮಚ ನೆಟ್ಟ. ಎಲ್ಲರೂ ಹಿಂದೆಹಿಂದಕ್ಕೆ ಸರಿದು ಹೊರಗೆ ಬಂದರು, ಅವನು ಮೇಣದಬತ್ತಿಗಳನ್ನಷ್ಟೇ ಉಳಿಸಿ ಲೈಟು ಆರಿಸಿ ಬಾಗಿಲೆಳೆದ. ಬಂದವರು ಊಟ ಮಾಡುವ ಹೊತ್ತು. ಯಾರೂ ನೋಡಬಾರದು. ಸಾಕಷ್ಟು ತುತ್ತು ಇಳಿದಿರಬಹುದು ಅನ್ನಿಸಿದ ಮೇಲೆ ಮಗ ಹೊರಗಿನಿಂದ ಮೂರು ಸಲ ಕೆಮ್ಮಿ, ಬರುತ್ತಿದ್ದೇವೆ ಎಂದು ತಿಳಿಸಿ, ಬಾಗಿಲು ತೆರೆಯುತ್ತಾನೆ. ಕಿರಿದಾದ ನಡುಮನೆಯಲ್ಲಿ ನಾಲ್ವರೂ ಬಾಗಿಲಿಗೆ ಬೆನ್ನು ಮಾಡಿ ನಿಂತರು. ಮುಂಬಾಗಿಲಿನಿಂದ ಥಂಡಿ ಗಾಳಿ ಕಾಲಿನ ಮೇಲೆ ಹರಿಯುತ್ತಿತ್ತು. ಅತ್ತೆ ತಲೆ ತಗ್ಗಿಸಿ, ಒಳಗಿನ ಸದ್ದಿಗೆ ಕಿವಿ ಕೊಟ್ಟವರಂತೆ, ಸ್ವಲ್ಪ ಮುಗುಳ್ನಗುತ್ತಿದ್ದರು. ಮಿರಾನ್ ನೋಡಬಾರದೆಂದುಕೊಂಡೂ ಆ ಮುಖ ನೋಡಿದಳು.

“ಅತ್ತೆ, ಆ ಮೆಷೀನಲ್ಲಿ ನಾನು ಕಿಮ್ಚಿಗೆ ಮೆಣಸಿನಕಾಯಿ ಅರೆದಿದ್ದೆ. ಬೆಳ್ಳುಳ್ಳೀನೂ.”

ಇನ್‌ಸುಕ್ ತಿರುಗಿದಳು. “ಏನು? ಅಪ್ಪನ ಲೋಟಕ್ಕೆ ಬೆಳ್ಳುಳ್ಳಿ? ಅತ್ತಿಗೆ, ದೆವ್ವ ಓಡಿಸೋಕೆ ಬಾಗ್ಲಿಗೆ ಕಟ್ತಾರೆ ಅದನ್ನ!”

“ಮೆಲ್ಲಗೆ,” ಎಂದ ಗ್ಯುತೇ, ಒಳಗೆ ಕೇಳಿಸುತ್ತದೆ ಎಂಬಂತೆ. “ತೊಳೆದಿದ್ದೀಯಲ್ಲ?”

“ತೊಳೆದಿದ್ದೆ. ರಬ್ಬರಿನಲ್ಲಿ ಉಳಿದಿದೆ.”

“ಯಾವಾಗ ಗೊತ್ತಾಯ್ತು?” ಎಂದಳು ಇನ್‌ಸುಕ್.

“ಲೋಟ ಇಟ್ಟ ಮೇಲೆ.”

“ಆಗಲೇ ಹೇಳೋಕೆ ಏನಾಗಿತ್ತು?”

ಇದಕ್ಕೆ ಅಕ್ಷರಶಃ ಸುಳ್ಳಲ್ಲದ ಉತ್ತರವೊಂದು ಅವಳ ಬಾಯಿಗೆ ಬಂತು. ಅದನ್ನು ಆಡಲಿಲ್ಲ. “ಹೇಳಲಿಲ್ಲ,” ಎಂದಳು.

ಅತ್ತೆಯ ಮುಖದ ನಗು ಹೋಗಿತ್ತು. ಬಾಗಿಲನ್ನೇ ನೋಡುತ್ತಿದ್ದರು. ಒಳಗೆ ಇರುವವರು ಈಗ ಏನು ಮಾಡುತ್ತಿರಬಹುದು, ಲೋಟ ಎತ್ತಿ ಕೆಳಗಿಟ್ಟಿರಬಹುದೇ, ಎದ್ದಿರಬಹುದೇ ಎಂದು ಲೆಕ್ಕ ಹಾಕುವ ನೋಟ. ಆಮೇಲೆ, ಅಡುಗೆ ಸಾಮಾನು ಕೇಳಿದಷ್ಟು ಸರಳವಾಗಿ ಕೇಳಿದರು. “ಸೊಪ್ಪು ಉಳಿದಿದೆಯಾ?”

“ಒಂದು ಕಟ್ಟು ಇದೆ.”

“ವಾಸನೆ ರಬ್ಬರಲ್ಲಿ ಮಾತ್ರ ತಾನೆ? ಅದಿಲ್ದೆ ತಿರುಗಲ್ವಾ?”

“ತಿರುಗುತ್ತೆ. ಸೋರುತ್ತೆ.”

“ಸೋರ್ಲಿ.”

“ಅಮ್ಮ, ಊಟದ ಮಧ್ಯೆ ಹೀಗೆಲ್ಲ ಯಾರಾದ್ರೂ...” ಎಂದಳು ಇನ್‌ಸುಕ್.

“ಕಾಯ್ಲಿ ಬಿಡೇ. ಕೌಂಟರಿನ ಹಿಂದೆ ಕೂತು ಊರವರನ್ನೆಲ್ಲ ಕಾಯಿಸಿದವರು. ಈಗ ಅವರ ಸರದಿ.” ಅತ್ತೆ ಗೋಡೆ ಹಿಡಿದು ಅಡುಗೆಮನೆಯ ಕಡೆ ತಿರುಗಿದರು. “ಗ್ಯುತೇ, ನೀನು ಇಲ್ಲೇ ಇರು. ಕೆಮ್ಮಬೇಡ.”

“ನನಗೆ ಈಗಲೇ ಧೂಪದ ಹೊಗೆಗೆ ಗಂಟಲು ಕೆರೀತಿದೆ.”

“ಬಾಯಿಗೆ ಬಟ್ಟೆ ಇಟ್ಕೋ.”

ತಳದ ಗ್ಯಾಸ್ಕೆಟ್ ಇದ್ದ ಕುಳಿಗೆ ಮಿರಾನ್ ತೊಳೆದ ಬಿಳಿ ಬಟ್ಟೆಯ ಪಟ್ಟಿಯನ್ನು ಹಗ್ಗದಂತೆ ಹೊಸೆದು ಸುತ್ತಿದಳು, ರಸ ಮೋಟಾರಿಗೆ ಇಳಿಯಬಾರದು. ಬಿರಡೆಯ ಜಾಗಕ್ಕೆ ಹಾಕಲು ಏನೂ ಇರಲಿಲ್ಲ. ಇನ್‌ಸುಕ್ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈ ಇಟ್ಟು ನೋಡಿದಳು, ಆಮೇಲೆ ಹೆಬ್ಬೆರಳಿಗೆ ತೆಳು ಪ್ಲಾಸ್ಟಿಕ್ ಸುತ್ತಿಕೊಂಡು ಬಂದು ಕೆಳಗಿನಿಂದ ಒತ್ತಿ ಹಿಡಿದಳು. “ಹಾಕಿ,” ಎಂದಳು. ಅತ್ತೆ ದಂಟು ಹೆಚ್ಚಿ ಕೊಟ್ಟರು. ತುಂಬ ಉದ್ದವಾಗಿತ್ತು. “ಇನ್ನೂ ಚಿಕ್ಕದು ಅತ್ತೆ,” ಎಂದಳು ಮಿರಾನ್, ಅತ್ತೆ ಇನ್ನೂ ಚಿಕ್ಕದು ಮಾಡಿದರು. ಯಂತ್ರ ಅಗಿಯತೊಡಗಿತು. ಅವಸರ ಮಾಡುವಂತಿರಲಿಲ್ಲ, ಒಂದು ಹಿಡಿ ಸೊಪ್ಪು, ಒಂದು ಹೋಳು ಪೇರ್ ಹಣ್ಣು, ಮತ್ತೆ ಸೊಪ್ಪು. ಬಿಳಿ ಬಟ್ಟೆ ಹಸಿರಾಯಿತು, ಕಟ್ಟೆಯ ಮೇಲೆ ಹಸಿರು ಹರಿಯಿತು, ಇನ್‌ಸುಕ್‌ಳ ಒಳ್ಳೆಯ ಅಂಗಿಯ ತೋಳಿನೊಳಗೆ ಇಳಿಯಿತು. “ಥೂ, ತಣ್ಣಗಿದೆ. ಅಪ್ಪಾ, ನೀವು ಬದುಕಿದ್ದಾಗಲೂ ಇಷ್ಟೇ ಕಾಟ,” ಎಂದಳು, ಆದರೆ ಹೆಬ್ಬೆರಳು ತೆಗೆಯಲಿಲ್ಲ. ಒಂದು ಸಲ ತಿರುಪು ನರಳಿ ನಿಂತಿತು. ಮಿರಾನ್ ಹಿಂದಕ್ಕೆ ತಿರುಗಿಸಿ ಬಿಡಿಸಿದಳು. ಮಲಗಿರುವ ಯಂತ್ರವಾಗಿದ್ದರೆ ನಿಲ್ಲುತ್ತಿರಲಿಲ್ಲ ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಸಿಕ್ಕದ್ದು ಅರ್ಧ ಲೋಟ. ಮಿರಾನ್ ಅದನ್ನು ಅತ್ತೆಯ ಕಡೆ ಚಾಚಿದಳು. ಅತ್ತೆ ಕೈ ಒರೆಸಿಕೊಂಡರು, ತೆಗೆದುಕೊಳ್ಳಲಿಲ್ಲ.

“ನೀನೇ ಒಯ್ಯಿ. ಅವರು ಕೇಳಿದ್ದು ನಿನ್ನ ಹತ್ರ.”

ಆ ಮಾತಿನ ಹಿಂದೆ ಎಷ್ಟಿದೆ, ಅತ್ತೆಗೆ ಏನೇನು ಗೊತ್ತು ಎಂದು ಮುಖ ನೋಡಿದಳು. ಅವರು ಆಗಲೇ ಕಟ್ಟೆ ಒರೆಸಲು ಬಗ್ಗಿದ್ದರು.

ಗ್ಯುತೇ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಬಾಗಿಲಿನಿಂದ ಸರಿದು ನಿಂತ. ಈ ಹೊತ್ತಿನಲ್ಲಿ ಆ ಕೋಣೆಯೊಳಗೆ ಯಾರೂ ಹೋಗುವುದಿಲ್ಲ. ಅವಳು ಹೋಗಿ ಬಾಗಿಲು ಹಾಕಿಕೊಂಡಳು. ಎರಡು ಮೇಣದಬತ್ತಿಗಳ ಬೆಳಕು, ಅನ್ನದಲ್ಲಿ ನೆಟ್ಟಗೆ ನಿಂತ ಚಮಚ, ಆವಿ ಆರಿದ ಸಾರು. ಹಳೆಯ ಲೋಟ ತೆಗೆದು ನೆಲದ ಮೇಲೆ ಮೂಲೆಗೆ ಸರಿಸಿದಳು, ಹೊಸದನ್ನು ಅದೇ ಜಾಗದಲ್ಲಿ ಇಟ್ಟಳು. ಕ್ಷಮಿಸಿ ಎನ್ನಬೇಕೇ? ಯಾವುದಕ್ಕೆ ಎಂದು ಶುರು ಮಾಡುವುದು? ಡಾಕ್ಟರು ಹೇಳಿದ್ದು ಸರಿಯೇ ಇತ್ತು, ಇವತ್ತು ಕೇಳಿದರೂ ಅವಳು ಹಾಗೇ ಮಾಡುತ್ತಿದ್ದಳು. ಲೋಟದ ಮೇಲಿನ ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯುತ್ತಿತ್ತು.

“ಮಾವ, ಬೇಗ ಕುಡಿದುಬಿಡಿ,” ಎಂದಳು. “ಇಟ್ಟರೆ ಕಪ್ಪಾಗುತ್ತೆ.”

ಹೇಳಿದ ಮೇಲೆ ಹೊರಗೆ ಹೋಗಬೇಕಿತ್ತು. ನೋಡುತ್ತಾ ನಿಲ್ಲುವುದು ತಪ್ಪು ಎಂದು ಗೊತ್ತಿದ್ದರಿಂದ ಬಾಗಿಲ ಪಕ್ಕದ ಗೋಡೆಯ ಕಡೆ ಮುಖ ಮಾಡಿ, ಎಡೆಗೆ ಬೆನ್ನು ಹಾಕಿ ನಿಂತಳು. ಹೊರಗೆ ಗ್ಯುತೇಗೆ ತಡೆಯಲಾಗಲಿಲ್ಲ. ಬಟ್ಟೆಯೊಳಗಿನಿಂದಲೇ ಕೆಮ್ಮು ಒಡೆದು ಬಂತು, ಒಂದು, ಎರಡು, ಮೂರು. ಬಾಗಿಲ ಹಿಡಿಕೆ ತಿರುಗಿದ ಸದ್ದು ಕೇಳಿಸಿತು.

ಮಿರಾನ್ ತಿರುಗದೆ, ಕೈ ಪಕ್ಕಕ್ಕೆ ಚಾಚಿ ಬಾಗಿಲನ್ನು ಒತ್ತಿ ಹಿಡಿದಳು.

“ಇನ್ನೂ ಸ್ವಲ್ಪ ತಾಳ್ರಿ,” ಎಂದಳು. “ಕುಡೀತಿದ್ದಾರೆ.”